ಹೆಸರು ಹಿಡಿದು ಹುಡುಕಿದ ಮ್ಯಾಕ್ರೊ

ಗೋಕಾಕದಿಂದ ಕುಲಗೋಡಕ್ಕೆ ಹೊರಟ ಬಸ್ಸಿನಲ್ಲಿ, ರಾಧಿಕಾಳ ಮುಂದಿನ ಸೀಟಿನಲ್ಲಿ ಯಾವುದೋ ಲ್ಯಾಬಿನ ಇಬ್ಬರು ಕುಳಿತಿದ್ದರು. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು.

“ಅಲ್ಲವ್ವನ ರಿಪೋರ್ಟ್ ಹೆಂಗ ತಪ್ಪಿತೋ ದುರ್ಗೇಶ?”

“ಎಕ್ಸೆಲ್‌ನ್ಯಾಗ ನಾ ಬರದ ಮ್ಯಾಕ್ರೊ ಪ್ರೋಗ್ರಾಮ್ ಹೆಸರು ಹಿಡದು ಒಬ್ಬೊಬ್ಬರ ವರ್ಕ್‌ಬುಕ್ ಫೈಲ್ ಹುಡಕತೈತಿ, ನಂದಿನಕ್ಕಾ. ಅಕಿ ಹೆಸರಿನ್ಯಾಗ ನಾ ಒಂದಕ್ಷರ ತಪ್ಪಿಸಿದ್ನಿ.”

“ಸಿಗಲಿಲ್ಲಂದ್ರ ನಿಲ್ಲಬೇಕಿತ್ತಲ್ಲ?”

“ಎರರ್ ಬಂದ್ರೂ ಮುಂದ ಹೋಗು ಅಂತ ಬರದಿದ್ನಿ. ಅದು ಇನ್ನೂ ತೆರದಿದ್ದ ಹಿಂದಿನ ಪೇಶಂಟ್ ಗುಡ್ಡವ್ವನ ವರ್ಕ್‌ಬುಕ್ಕನ್ನ ಹಿಡಕೊಂಡು, ಅದರಾಗಿಂದನ್ನ ಅಲ್ಲವ್ವನ ಹೆಸರಿಗೆ ಪ್ರಿಂಟ್ ಮಾಡೇತಿ.”

“ಬಾಳ ಶಾಣ್ಯಾ ಅದಿ! ಗಡ್ಡಿ ಕ್ಯಾನ್ಸರ್ ಅಲ್ಲಂತ ಅಕಿ ಲ್ಯಾಬಿಗೆಲ್ಲ ಕರದಂಟು ಹಂಚಿ ಹೋದ್ಲಲ್ಲೋ.”

“ನೀವೂ ತಿಂದ್ರಿ.”

ನಂದಿನಿ ಸರಿಯಾದ ರಿಪೋರ್ಟಿನ ಲಕೋಟೆಯನ್ನು ಚೀಲಕ್ಕೆ ಸೇರಿಸಿದಳು.

ಕುಲಗೋಡ ಬಂತು. ದುರ್ಗೇಶ ಕಿಟಕಿಯಿಂದ ನೋಡಿದ. “ಬರ್ತೇವಿ ಅಂತ ಫೋನ್ ಮಾಡಿದ್ದಕ್ಕ ಅಲ್ಲವ್ವ ಕರಕೊಂಡು ಹೋಗಾಕ ಬಂದಾಳ. ನಗಾಕತ್ತಾಳ.”

“ಇಳಿ.”

“ಮೊದಲ ನೀವು ಇಳೀರಿ, ಅಕ್ಕಾ.”

ಕಂಡಕ್ಟರ್ ಸೀಟಿ ಊದಿದ ಮೇಲೆ ಇಬ್ಬರೂ ಇಳಿದರು.