ಪ್ರಸಾದ ನಿಲಯದ ಹಳೆ ಕಂಪ್ಯೂಟರು

ನಾಚಿಕೆ ಒಳ್ಳೆಯದೋ ಕೆಟ್ಟದ್ದೋ ಅಂತ ಈಗ ತಾನೇ ಪ್ರವಚನದ ನಡುವೆ ಒಬ್ಬ ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ವಚನ ಹೇಳಬಹುದು, ಶಾಸ್ತ್ರ ಹೇಳಬಹುದು. ಆದರೆ ಶಾಸ್ತ್ರ ಹೇಳಿದರೆ ಹಿಂದಿನ ಸಾಲಿನವರು ಫೋನ್ ತೆಗೆಯುತ್ತೀರಿ. ತೆಗೆದಾಗಿದೆ, ಇಲ್ಲಿಂದ ಬೆಳಕು ಕಾಣುತ್ತಿದೆ. ಇರಲಿ, ಇವತ್ತಿನ ದೃಷ್ಟಾಂತ ಆ ಬೆಳಕಿನದೇ. ಕೇಳಿ.

ಒಂದೂರಲ್ಲಿ ಎಣ್ಣೆ ಗಿರಣಿಯ ಸಾಹುಕಾರರೊಬ್ಬರಿದ್ದರು. ಕಥೆಯಲ್ಲಿ ಸಾಹುಕಾರ ಬಂದ ಕೂಡಲೇ ಅವನು ಜಿಪುಣ ಅಂತ ನೀವು ತೀರ್ಮಾನ ಮಾಡಿಬಿಡುತ್ತೀರಿ. ಇವರು ಹಾಗಿರಲಿಲ್ಲ. ಆ ಊರಿನ ಮಠಕ್ಕೆ ಸೇರಿದ ಹೆಣ್ಣುಮಕ್ಕಳ ಪ್ರಸಾದ ನಿಲಯಕ್ಕೆ ವರ್ಷಕ್ಕೊಂದು ವಸ್ತು ಕೊಡುವುದು ಅವರ ಮನೆತನದ ನೇಮ. ಶ್ರಾವಣದ ಕಡೇ ಸೋಮವಾರ ಬರುವರು, ಹುಡುಗಿಯರ ಪಂಕ್ತಿಯಲ್ಲೇ ನೆಲದ ಮೇಲೆ ಕೂತು ಪ್ರಸಾದ ತೆಗೆದುಕೊಳ್ಳುವರು, ಕೈ ತೊಳೆಯುವ ಮೊದಲು ಕೇಳುವರು: ಈ ಸಲ ಏನು ಬೇಕು? ಒಂದೇ ವಸ್ತು. ಎರಡು ಕೇಳುವ ಹಾಗಿಲ್ಲ, ಕೇಳಿದ್ದನ್ನು ಬದಲಿಸುವ ಹಾಗಿಲ್ಲ.

ನಮ್ಮ ಕಥೆ ಸಾಹುಕಾರರದಲ್ಲ. ಆ ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಹುಡುಗಿಯದು. ಹೆಸರು ಬೇಕಲ್ಲ, ಮಹಾನಂದಾ ಅಂತ ಇಟ್ಟುಕೊಳ್ಳೋಣ. ಕಾಲೇಜು ಓದುವ ಹುಡುಗಿ. ಜಾಣೆ. ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವಳ ಕಥೆಯಾದರೆ ನೀವು ಆರಾಮಾಗಿ ಕೂತು ಕೇಳುತ್ತೀರಿ.

ನಿಲಯದಲ್ಲಿ ಒಂದು ಕಂಪ್ಯೂಟರು ಇತ್ತು. ಹಿಂದೆ ಯಾರೋ ಕೊಟ್ಟದ್ದು, ದೊಡ್ಡ ಹೊಟ್ಟೆಯ ಪರದೆಯದು. ಗುಂಡಿ ಒತ್ತಿ ನೀರಿಗೆ ಹೋಗಿ ಕೊಡ ತುಂಬಿಸಿಕೊಂಡು ಬಂದರೆ ಅಷ್ಟೊತ್ತಿಗೆ ತೆರೆದಿರುತ್ತಿತ್ತು. ಆದರೆ ನೋಡಿ, ತೆರೆದ ಮೇಲೆ ಎಲ್ಲ ಕೆಲಸ ಮಾಡುತ್ತಿತ್ತು. ವಿದ್ಯಾರ್ಥಿವೇತನದ ಅರ್ಜಿ ಅದರಲ್ಲೇ, ಪರೀಕ್ಷೆಯ ಫಲಿತಾಂಶ ಅದರಲ್ಲೇ, ಪಾಠದ ಟಿಪ್ಪಣಿ ಅದರಲ್ಲೇ. ಹುಡುಗಿಯರು ಸರದಿಯ ಮೇಲೆ ಕೂರುವರು. ಆ ಕೋಣೆಯ ಕೀಲಿಕೈ ಮಹಾನಂದಾಳ ಹತ್ತಿರ. ರಿಪೇರಿಯವನು ಒಮ್ಮೆ ಬಂದಾಗ ಪಕ್ಕದಲ್ಲೇ ನಿಂತು ನೋಡಿದ್ದಳು. ಡಬ್ಬಿ ಬಿಚ್ಚುವುದು, ಧೂಳು ಊದುವುದು, ಒಳಗಿನ ಬೆರಳುದ್ದದ ಮೆಮೊರಿ ಪಟ್ಟಿ ತೆಗೆದು ಒರೆಸಿ ಮತ್ತೆ ಕೂರಿಸುವುದು, ಇಷ್ಟು ಕಲಿತಿದ್ದಳು. ಹಾಗಾಗಿ ನಿಲಯದಲ್ಲಿ ಅವಳೇ ಕಂಪ್ಯೂಟರಿನ ಡಾಕ್ಟರು.

ಒಂದು ದಿನ ಭಾಷಣ ಸ್ಪರ್ಧೆಗೆ ಅಂತ ಬೇರೆ ಊರಿನ ಕಾಲೇಜಿನ ಹುಡುಗಿಯರು ಬಂದು ನಿಲಯದಲ್ಲಿ ಉಳಿದರು. ಒಳ್ಳೆಯ ಹುಡುಗಿಯರೇ. ತಮ್ಮ ಲ್ಯಾಪ್‌ಟಾಪು ತಂದಿದ್ದರು. ಒಬ್ಬಳಿಗೆ ಏನೋ ಮುದ್ರಿಸಬೇಕಾಗಿತ್ತು, ಮಹಾನಂದಾ ಕೀಲಿ ತೆಗೆದು ಕೋಣೆಗೆ ಕರೆದುಕೊಂಡು ಹೋದಳು. ಗುಂಡಿ ಒತ್ತಿದಳು. ಕಾದರು. ಇನ್ನೂ ಕಾದರು.

"ಇದನ್ನ ಚಾಲೂ ಮಾಡಬೇಕೋ, ಕಾಲು ಒತ್ತಿ ಎಬ್ಬಿಸಬೇಕೋ?" ಅಂದಳು ಒಬ್ಬಳು.

"ವೃದ್ಧಾಪ್ಯ ವೇತನ ಬರ್ತದೇನ ಇದಕ್ಕ?" ಅಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಮಹಾನಂದಾಳೂ ನಕ್ಕಳು. ಅವರಿಗಿಂತ ಜೋರಾಗಿ ನಕ್ಕಳು. ಯಾಕೆ? ತಾನು ಆ ಯಂತ್ರದ ಕಡೆಯವಳಲ್ಲ, ನಗುವವರ ಕಡೆಯವಳು ಅಂತ ತೋರಿಸಬೇಕಾಗಿತ್ತು. ನಕ್ಕಳು, ಆದರೆ ಕಿವಿ ಸುಡುತ್ತಿತ್ತು. ಹುಡುಗಿಯರು ಮರುದಿನ ಹೋದರು, ಹೋದ ದಾರಿಯಲ್ಲೇ ಆ ಮಾತು ಮರೆತೂ ಹೋಗಿರಬೇಕು. ಇವಳು ಮರೆಯಲಿಲ್ಲ. ಅಂದಿನಿಂದ ಆ ಕೋಣೆಯ ಕೀಲಿ ತೆಗೆಯುವಾಗೆಲ್ಲ ಯಾರಾದರೂ ನೋಡುತ್ತಿದ್ದಾರೋ ಅಂತ ಆ ಕಡೆ ಈ ಕಡೆ ನೋಡುವಳು. ನಿನ್ನೆಯವರೆಗೆ ನಿಧಾನವಾಗಿದ್ದದ್ದು ಇವತ್ತು ಅವಮಾನವಾಯಿತು. ಯಂತ್ರ ಬದಲಾಯಿತೇನು? ಇಲ್ಲ. ನೋಡುವ ಕಣ್ಣು ಬದಲಾಯಿತು.

ಶ್ರಾವಣ ಬಂತು. ಕಡೇ ಸೋಮವಾರ ಹತ್ತಿರ ಬಂತು. ಮಹಾನಂದಾ ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿದಳು, ಆ ಮೆಮೊರಿ ಪಟ್ಟಿ ಕಿತ್ತಳು, ತನ್ನ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಟ್ಟಳು. ಅದಿಲ್ಲದಿದ್ದರೆ ಯಂತ್ರಕ್ಕೆ ಎಚ್ಚರವೇ ಆಗುವುದಿಲ್ಲ. ಗುಂಡಿ ಒತ್ತಿದರೆ ಬೀಪ್ ಬೀಪ್ ಅಂತ ಕೂಗುತ್ತದೆ, ಅಷ್ಟೇ. ನಿಲಯ ನೋಡಿಕೊಳ್ಳುವ ಅಕ್ಕನವರ ಹತ್ತಿರ ಹೋಗಿ, ಅದು ಕೆಟ್ಟಿತು ಅಂದಳು. ರಿಪೇರಿಯವನಿಗೆ ತೋರಿಸೋಣವೇ ಅಂತ ಅವರು ಕೇಳಿದರು. ಪೇಟೆಗೆ ಹೋದಾಗ ಕೇಳಿದೆ, ಅಷ್ಟು ಹಳೇದು ಇನ್ನು ಆಗೋದಿಲ್ಲ ಅಂದ್ರು ಅಂತ ಹೇಳಿದಳು. ಒಂದು ಸುಳ್ಳಿಗೆ ಆಸರೆಯಾಗಿ ಇನ್ನೊಂದು. ಅಕ್ಕನವರು ನಂಬಿದರು. ಡಾಕ್ಟರು ಸತ್ತಿದೆ ಅಂದ ಮೇಲೆ ನಾಡಿ ಹಿಡಿದು ನೋಡುವವರು ಯಾರು?

ಈಗ ಇನ್ನೊಬ್ಬರನ್ನು ಕರೆಯಬೇಕು. ಅಡುಗೆಯ ಗುರುಸಿದ್ದವ್ವ. ನಿಲಯದ ಹುಡುಗಿಯರಿಗೆಲ್ಲ ಎರಡು ಹೊತ್ತು ಜೋಳದ ರೊಟ್ಟಿ ಬಡಿಯುವವಳು. ಆ ಮುದುಕಿಯ ಬಲಗೈ ಮಣಿಕಟ್ಟು ಬಾತು ವರ್ಷವಾಗಿತ್ತು. ಬಟ್ಟೆ ಸುತ್ತಿಕೊಂಡು ಬಡಿಯುವಳು. ಬಡಿತದ ಸದ್ದು ನಡುನಡುವೆ ನಿಂತರೆ, ಓ ಅವ್ವ ಕೈ ಒತ್ತಿಕೊಳ್ಳುತ್ತಿದ್ದಾಳೆ ಅಂತ ಹುಡುಗಿಯರಿಗೆ ಗೊತ್ತಾಗುತ್ತಿತ್ತು. ಈ ವರ್ಷ ಸಾಹುಕಾರರ ಹತ್ತಿರ ರೊಟ್ಟಿ ಯಂತ್ರ ಕೇಳಬೇಕು ಅಂತ ಅಕ್ಕನವರು ಆಗಲೇ ನಿಶ್ಚಯ ಮಾಡಿದ್ದರು. ಗುರುಸಿದ್ದವ್ವ ಅಡುಗೆಮನೆಯ ಒಂದು ಮೂಲೆ ಸಾರಿಸಿ, ಯಂತ್ರ ಇಡಲಿಕ್ಕೆ ಅಂತ ಹಲಗೆಯನ್ನೂ ಹಾಕಿಟ್ಟಿದ್ದಳು. ಆ ಮೂಲೆಯಲ್ಲಿ ಯಾರಾದರೂ ಬುಟ್ಟಿ ಇಟ್ಟರೆ, ತಗೀರಿ, ಅದು ನನ್ನ ಸೊಸಿ ಬರೋ ಜಾಗ ಅಂತ ನಗುವಳು.

ಇದು ಮಹಾನಂದಾಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಆದರೆ ಮನಸ್ಸು ಒಂದು ಲೆಕ್ಕ ಹೇಳುತ್ತದೆ ನೋಡಿ: ಸಾಹುಕಾರರು ದೊಡ್ಡವರು, ಈ ಸಲ ಎರಡು ಕೊಟ್ಟಾರು. ತಪ್ಪು ಮಾಡುವಾಗ ನಮಗೆ ಬೇರೆಯವರ ಔದಾರ್ಯದ ಮೇಲೆ ಬಹಳ ನಂಬಿಕೆ.

ಸೋಮವಾರ ಬಂತು. ಸಾಹುಕಾರರು ಬಂದರು, ಪಂಕ್ತಿಯಲ್ಲಿ ಕೂತರು, ಉಂಡರು. ಏನು ಬೇಕು ಅಂತ ಕೇಳಿದರು. ಅಕ್ಕನವರು ತಡವರಿಸಿದರು. ರೊಟ್ಟಿ ಯಂತ್ರ ಅಂತಿದ್ದೆವು, ಆದರೆ ಮಕ್ಕಳ ಕಂಪ್ಯೂಟರು ಸತ್ತುಹೋಗಿದೆ, ಏನು ಕೇಳಬೇಕೋ ತಿಳಿಯುತ್ತಿಲ್ಲ ಅಂದರು. ಸಾಹುಕಾರರು ಎರಡರಲ್ಲಿ ಒಂದು ಹೇಳಿ ಅಂದರು.

ಆಗ ಪಲ್ಯದ ಸೌಟು ಹಿಡಿದು ನಿಂತಿದ್ದ ಗುರುಸಿದ್ದವ್ವ ಅಂದಳು: "ಹುಡುಗ್ಯಾರ ವಿದ್ಯಾ ಮೊದಲ ಆಗ್ಲಿರಿ ಯಪ್ಪಾ. ನಂದೇನು, ಕೈ ಐತಿ. ಇನ್ನೊಂದು ವರ್ಷ ತಡೀತೈತಿ."

ಮಹಾನಂದಾ ಅಲ್ಲೇ ಕೂತಿದ್ದಳು. ಅವಳ ತಟ್ಟೆಯಲ್ಲಿ ಅರ್ಧ ರೊಟ್ಟಿ ಇತ್ತು. ಆಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಒಂದೇ ಮಾತು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ತಟ್ಟೆ ನೋಡುತ್ತ ಕೂತಳು. ಯಾರಾದರೂ ಕೇಳಿದರೆ ಬಾಯಲ್ಲಿ ತುತ್ತಿದೆ ಅಂತ ತೋರಿಸಬಹುದಲ್ಲ. ಆದರೆ ಯಾರೂ ಕೇಳಲಿಲ್ಲ. ಅವಳ ಮೇಲೆ ಯಾರಿಗೂ ಅನುಮಾನವೇ ಇರಲಿಲ್ಲ.

ಹೊಸ ಕಂಪ್ಯೂಟರು ಬಂತು. ತೆಳ್ಳನೆಯ ಪರದೆ. ಹಾರ ಹಾಕಿ ಫೋಟೋ ತೆಗೆದರು. ಗುಂಡಿ ಒತ್ತಿದ ಕೂಡಲೇ ತೆರೆಯಿತು. ತೆರೆದ ಮೇಲೆ ಏನು ಮಾಡಿದರು? ಅದೇ ಅರ್ಜಿ. ಅದೇ ಫಲಿತಾಂಶ. ಅದೇ ಟಿಪ್ಪಣಿ. ನೀರು ತರುವಷ್ಟು ಹೊತ್ತು ಉಳಿಯಿತು, ನಿಜ. ಉಳಿದ ಹೊತ್ತಿನಲ್ಲಿ ಪರದೆಯ ಹಿಂದಿನ ಚಿತ್ರ ಬದಲಿಸಿದರು. ಸ್ವಲ್ಪ ದಿನಕ್ಕೆ ಅದೂ ಬೇಸರವಾಯಿತು. ಹಳೆಯದನ್ನು ಎಲ್ಲಿಡುವುದು ಅಂತ ಕೇಳಿದಾಗ ಗುರುಸಿದ್ದವ್ವ ತನ್ನ ಮೂಲೆಯ ಹಲಗೆ ತೋರಿಸಿದಳು. ಹೆಂಗೂ ಖಾಲಿ ಐತಿ ಅಂದಳು.

ಮಹಾನವಮಿ ಬಂತು. ಅವತ್ತು ದುಡಿಯುವ ವಸ್ತುಗಳಿಗೆಲ್ಲ ಪೂಜೆ. ಹಂಚು, ಕೊಡಲಿ, ಬೀಸುವ ಕಲ್ಲು, ಹೊಲಿಗೆ ಯಂತ್ರ, ಹೊಸ ಕಂಪ್ಯೂಟರು, ಎಲ್ಲಕ್ಕೂ ಹೂವು ಏರಿಸಿದರು. ಮಹಾನಂದಾ ಚೆಂಡು ಹೂವಿನ ಬುಟ್ಟಿ ಹಿಡಿದು ಅಡುಗೆಮನೆಗೆ ಬಂದರೆ, ಗುರುಸಿದ್ದವ್ವ ಮೂಲೆಯಲ್ಲಿ ಕೂತು ಆ ಹಳೆ ಕಂಪ್ಯೂಟರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಕೆಟ್ಟದ್ದಕ್ಕೆ ಯಾಕವ್ವ ಪೂಜೆ ಅಂತ ಯಾವಳೋ ಹುಡುಗಿ ಕೇಳಿದಳು. ದುಡಿದೈತಲ್ಲವ್ವಾ ಅಂತ ಹೇಳಿ ಗುರುಸಿದ್ದವ್ವ ವಿಭೂತಿ ತೆಗೆದುಕೊಂಡಳು. ಮೂರು ಬೆರಳಿನಲ್ಲಿ ಪಟ್ಟೆ ಎಳೆಯಬೇಕು. ಮಣಿಕಟ್ಟು ತಿರುಗಲಿಲ್ಲ. ಗೆರೆ ಸೊಟ್ಟಗೆ ಜಾರಿತು. ಒರೆಸಿ ಮತ್ತೆ ಎಳೆದಳು, ಮತ್ತೆ ಜಾರಿತು. ಕಡೆಗೆ ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಎಳೆದಳು.

ಶರಣ ಬಂಧುಗಳೇ, ಭಾಷಣ ಸ್ಪರ್ಧೆಯ ಹುಡುಗಿಯರು ನಕ್ಕಾಗ ಮಹಾನಂದಾಳ ಕಿವಿ ಸುಟ್ಟಿತ್ತಲ್ಲ, ಅದು ನಾಚಿಕೆ ಅಂತ ಅವಳು ತಿಳಿದಿದ್ದಳು. ಅದಲ್ಲ. ನಾಚಿಕೆ ಅಂದರೆ ಏನು ಅಂತ ಅವತ್ತು ತಿಳಿಯಿತು. ಅದು ಕಿವಿಯಲ್ಲಿ ಸುಡುವುದಿಲ್ಲ. ಹೊಟ್ಟೆಯಲ್ಲಿ ಕಲ್ಲಾಗಿ ಕೂರುತ್ತದೆ.

ಉಳಿದವರು ಹೊರಗೆ ಹೋಗುವವರೆಗೆ ಕಾದಳು. ಆಮೇಲೆ ಬುಟ್ಟಿ ಕೆಳಗಿಟ್ಟು ಎಲ್ಲ ಹೇಳಿದಳು. ಪಟ್ಟಿ ಕಿತ್ತದ್ದು, ಟ್ರಂಕಿನಲ್ಲಿಟ್ಟದ್ದು, ಪೇಟೆಯಲ್ಲಿ ಯಾರನ್ನೂ ಕೇಳದೇ ಇದ್ದದ್ದು. ಅವ್ವ ಬೈಯುತ್ತಾಳೆ, ಬೈದರೆ ಹಗುರಾಗುತ್ತದೆ ಅಂದುಕೊಂಡಿದ್ದಳು. ಅವ್ವ ಒದ್ದೆ ಬಟ್ಟೆ ಕೆಳಗಿಟ್ಟು ಆ ಪರದೆಯ ಕಡೆ ತಿರುಗಿದಳು.

"ಅಂದ್ರ ಇದು ಕೆಟ್ಟಿರಲಿಲ್ಲ."

"ಇಲ್ಲವ್ವ."

"ಯಾರ ಮುಂದೂ ಹೇಳಬ್ಯಾಡ. ಆ ಪುಣ್ಯಾತ್ಮರಿಗೆ ತಿಳಿದ್ರ ಬರೋ ವರ್ಷ ನಿಮಗ ಏನೂ ಕೊಡಂಗಿಲ್ಲ."

ನೋಡಿ, ನಿಮಗೆ ಅಂದಳು. ನನಗೆ ಅನ್ನಲಿಲ್ಲ. ತನ್ನ ಸುಳ್ಳನ್ನು ಇಳಿಸಿ ಹೋಗಲು ಬಂದ ಹುಡುಗಿ, ಅದರ ಅರ್ಧ ಭಾರವನ್ನು ಆ ಬಾತ ಕೈಯ ಮೇಲೆ ಹೊರಿಸಿ ನಿಂತಿದ್ದಳು.

ಅವಳು ಸುಮ್ಮನಿರಲಿಲ್ಲ, ಅಷ್ಟು ಪುಣ್ಯ. ಅಕ್ಕನವರ ಹತ್ತಿರ ಹೋದಳು, ಅಕ್ಕನವರ ಜೊತೆ ಸಾಹುಕಾರರ ಮನೆಗೂ ಹೋದಳು. ಹೊಸದನ್ನು ವಾಪಸು ತೆಗೆದುಕೊಂಡು ರೊಟ್ಟಿ ಯಂತ್ರ ಕೊಡಿ ಅಂತ ನಿಂತು ಕೇಳಿದಳು. ಸಾಹುಕಾರರು ಸಿಟ್ಟಾಗಲಿಲ್ಲ. ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಮಗಳೇ, ಮುಂದಿನ ಶ್ರಾವಣಕ್ಕೆ ನೋಡೋಣ ಅಂದರು. ಅವರು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮೆಮೊರಿ ಪಟ್ಟಿ ತಂದು ಕೂರಿಸಿದಳು. ಹಳೆಯದು ಎದ್ದಿತು, ಎಂದಿನ ಹಾಗೆ ನಿಧಾನವಾಗಿ. ಈಗ ನಿಲಯಕ್ಕೆ ಎರಡು ಕಂಪ್ಯೂಟರು. ಅಡುಗೆಮನೆಗೆ ಮಾತ್ರ ಅದೇ ಒಂದು ಕೈ. ಮಹಾನಂದಾ ತನ್ನ ಸರದಿಯ ಹೊತ್ತನ್ನು ಬಿಟ್ಟುಕೊಟ್ಟು ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಕಲಿತಳು. ಅವಳ ರೊಟ್ಟಿ ಅಂಚು ಹರಿಯುತ್ತಿತ್ತು. "ಯವ್ವಾ, ಇದೇನು ರೊಟ್ಟಿನೋ ಕರ್ನಾಟಕದ ನಕಾಶೆನೋ?" ಅಂತ ಗುರುಸಿದ್ದವ್ವ ಕಾಡುವಳು. ಆದರೆ ಕಲಿಯುವ ಕೈಗೆ ಎಷ್ಟು ಬಂದೀತು? ಉಳಿದದ್ದೆಲ್ಲ ಅವ್ವನೇ ಬಡಿಯಬೇಕು.

ಮುಂದಿನ ಶ್ರಾವಣಕ್ಕೆ ಯಂತ್ರ ಬಂತೇ ಅಂತ ಕೇಳುತ್ತೀರಿ. ಬಂತು. ಸಾಹುಕಾರರು ಮಾತು ತಪ್ಪಲಿಲ್ಲ. ಆದರೆ ಗುರುಸಿದ್ದವ್ವ ಇರಲಿಲ್ಲ. ಗಾಬರಿಯಾಗಬೇಡಿ, ಸತ್ತಿರಲಿಲ್ಲ. ಬೇಸಿಗೆಯಲ್ಲೇ ಆ ಕೈ ಪೂರ್ತಿ ಸೋತಿತು, ಲೋಟ ಎತ್ತಲೂ ಆಗದ ಹಾಗೆ. ಕೆಲಸ ಬಿಟ್ಟು ಮಗಳ ಊರಿಗೆ ಹೋದಳು. ಯಂತ್ರ ತಿರುಗಿಸಿದ್ದು ಹೊಸದಾಗಿ ಬಂದ ಅಡುಗೆಯವಳು. ಒಂದೇ ಸಮನೆ, ದುಂಡಗೆ, ಅಂಚು ಹರಿಯದ ರೊಟ್ಟಿ ಬಿದ್ದವು. ಹುಡುಗಿಯರು ಚಪ್ಪಾಳೆ ತಟ್ಟಿದರು. ಮಹಾನಂದಾ ತಟ್ಟೆ ಮುಂದಿಟ್ಟುಕೊಂಡು ಕೂತಳು. ಮುರಿದ ತುತ್ತು ಬಾಯಿಗೆ ಹೋಗಲಿಲ್ಲ.

ಕಥೆ ಇಷ್ಟೇ. ಎಲ್ಲ ಸರಿಹೋಯಿತು ಅಂತ ಹೇಳಿ ನಿಮ್ಮನ್ನು ಹಗುರವಾಗಿ ಮನೆಗೆ ಕಳಿಸಬಹುದಿತ್ತು. ಆದರೆ ತಪ್ಪಿಗೆ ಕ್ಷಮೆ ಸಿಗುತ್ತದೆ, ಮಣಿಕಟ್ಟು ಸಿಗುವುದಿಲ್ಲ.

ಈಗ ಹೇಳಿ, ಆ ಹುಡುಗಿ ಬರೀ ಕಥೆಯ ಹುಡುಗಿಯೇ? ನಿಮ್ಮ ಮನೆಯಲ್ಲಿಲ್ಲವೇ? ಹೋದ ವರ್ಷ ತಂದ ಫೋನು, ಮಾತು ಕೇಳುತ್ತದೆ, ಚಿತ್ರ ತೆಗೆಯುತ್ತದೆ, ಆದರೂ ಹ್ಯಾಂಗ್ ಆಗ್ತದ ಅಂತ ಅಪ್ಪನ ಮುಂದೆ ಮುಖ ಸಣ್ಣ ಮಾಡಿದವರು ಇಲ್ಲಿ ಯಾರೂ ಇಲ್ಲವೇ? ಬೇಕಂತಲೇ ನೆಲಕ್ಕೆ ಬೀಳಿಸಿ, ಕೈ ಜಾರಿತು ಅಂದವರಿಲ್ಲವೇ? ತಲೆ ಯಾಕೆ ಬಗ್ಗಿಸುತ್ತೀರಿ? ಹೆಸರು ಹಿಡಿದು ಕೂಗುವುದಿಲ್ಲ.

ಹೊಸದು ಕೊಳ್ಳುವುದು ಪಾಪ ಅಂತ ಅಲ್ಲ. ನಿಜವಾಗಿ ಕೆಟ್ಟರೆ ಕೊಳ್ಳಿ, ಕೆಲಸಕ್ಕೆ ಸಾಲದಿದ್ದರೆ ಕೊಳ್ಳಿ. ಆದರೆ ಕೆಟ್ಟಿದೆ ಅನ್ನುವ ಮಾತು ಬಾಯಿಗೆ ಬಂದಾಗ ಒಂದು ಗಳಿಗೆ ತಡೆದು, ಕೆಟ್ಟದ್ದು ಯಂತ್ರವೋ, ಅದನ್ನು ನಾಲ್ಕು ಮಂದಿಯ ಮುಂದೆ ತೆಗೆಯಲು ಆಗದ ನನ್ನ ಮನಸ್ಸೋ ಅಂತ ಕೇಳಿಕೊಳ್ಳಿ. ಇದರಲ್ಲಿ ನನ್ನ ಯಾವ ಕೆಲಸ ನಿಂತಿದೆ ಅಂತ ಕೇಳಿಕೊಳ್ಳಿ. ಮುಚ್ಚಳ ಬಿಚ್ಚಿ ಧೂಳು ಒರೆಸಿ, ಬೇಡದ್ದನ್ನು ಅಳಿಸಿ, ಇನ್ನೊಂದು ವರ್ಷ ದುಡಿಸಿ. ಹೊಸದು ಕೇಳುವ ಮೊದಲು ಮನೆಯಲ್ಲಿ ಯಾರ ಸರದಿ ಬಾಕಿ ಇದೆ ನೋಡಿ. ಅವ್ವನ ಕನ್ನಡಕ ಇರಬಹುದು, ತಂಗಿಯ ಚಪ್ಪಲಿ ಇರಬಹುದು. ಅವರು ಕೇಳುವುದಿಲ್ಲ. ನಿನ್ನದೇ ಮೊದಲಾಗಲಿ ಅನ್ನುತ್ತಾರೆ. ಹಾಗೆ ಅನ್ನುವವರ ಮುಂದೆಯೇ ನಾವು ಹೆಚ್ಚು ಹೆದರಬೇಕು.

ಮತ್ತೆ ಇನ್ನೊಂದು. ಸುಳ್ಳು ಹೇಳಿದವಳು ಮಹಾನಂದಾ, ನಿಜ. ಆದರೆ ಅದು ಶುರುವಾದದ್ದು ಒಂದು ನಗೆಯಿಂದ. ಆ ನಗೆ ನಕ್ಕವರಿಗೆ ಗುರುಸಿದ್ದವ್ವನ ಕೈಯ ಸುದ್ದಿ ಇವತ್ತಿಗೂ ಗೊತ್ತಿಲ್ಲ. ಗೆಳತಿಯ ಕೈಯಲ್ಲಿ ಹಳೆಯ ವಸ್ತು ಕಂಡಾಗ ನಗಬೇಡಿ, ತಂಗಿಯರೇ. ನಿಮ್ಮ ನಗೆ ಎಲ್ಲಿಗೆ ಹೋಗಿ ಯಾರ ಮೈಮೇಲೆ ಬೀಳುತ್ತದೋ ನಿಮಗೆ ತಿಳಿಯುವುದಿಲ್ಲ.

ಪ್ರಸಾದಕ್ಕೆ ಹೊತ್ತಾಯಿತು, ಏಳಿ. ಫೋನು ಜೇಬಿನಲ್ಲಿರಲಿ. ಇವತ್ತು ತಟ್ಟೆಯಲ್ಲಿ ಏನು ಬಿತ್ತು ಅಂತ ಆಮೇಲೆ ನೋಡುವಿರಂತೆ. ಮೊದಲು ಬಡಿಸುವವರ ಕೈ ನೋಡಿ.