ಎರಡನೇ ಗೇರ್

ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಗಂಡ, ಅವನ ಹೆಂಡತಿ ಕೂತಿದ್ದರು. ಅವರ ಪಿಕಪ್ಪಿನ ಗೇರ್ ಬಾಕ್ಸ್ ಪೂರ್ತಿ ಬದಲಿಸಬೇಕೆಂದು ಹೇಳಿ ಮೆಕ್ಯಾನಿಕ್ ಆಗಷ್ಟೇ ಒಳಗೆ ಹೋಗಿದ್ದ.

“ಅರವತ್ತು ಸಾವಿರವಂತೆ. ಆ ದುಡ್ಡಿಗೆ ಅರ್ಧ ಗಾಡಿ ಬರುತ್ತೆ,” ಎಂದ ಗಂಡ.

“ಅರ್ಧ ಗಾಡೀಲಿ ನೀವೊಬ್ರೇ ಹೋಗಿ.”

“ತಮಾಷೆ ಸಾಕು. ಇಷ್ಟು ದಿನ ಗೇರ್ ಜಾರದ ಹಾಗೆ ನೀನು ಅದುಮಿ ಹಿಡ್ಕೊಂಡೆ, ನಡೀತು.”

“ನಿನ್ನೆ ಇಳಿಜಾರಲ್ಲಿ ನಡೀಲಿಲ್ಲ. ಎರಡನೇ ಗೇರ್ ನನ್ನ ಕೈ ತಳ್ಕೊಂಡು ಹಾರಿಬಿಡ್ತು.”

“ಬ್ರೇಕ್ ಇತ್ತಲ್ಲ.”

“ಅದು ಸುಟ್ಟ ವಾಸನೆ ನನಗೂ ಬಂತು ರೀ. ನಿನ್ನೆ ಗಾಡಿ ಖಾಲಿ ಇತ್ತು. ಇವತ್ತು ತುಂಬ ಇಟ್ಟಿಗೆ.”

“ಇಟ್ಟಿಗೆ ಇಳಿಸಿದ್ರೆ ತಾನೆ ಗೇರ್ ಬಾಕ್ಸಿಗೆ ದುಡ್ಡು? ಇದೊಂದು ಸಲ.”

“ಹಾಗಾದ್ರೆ ಪಾಪು ಅಕ್ಕನ ಮನೇಲೇ ಇರ್ಲಿ. ಕರ್ಕೊಂಡು ಹೋಗೋದು ಬೇಡ.”

“ಯಾಕೆ? ದಿನಾ ಜೊತೇಲೇ ಬರ್ತಾಳಲ್ಲ.”

“ಅಪ್ಪ ಅಮ್ಮ ಇಬ್ರೂ ಅದೇ ಗಾಡೀಲಿ ಇರ್ತೀವಲ್ಲ, ಅದಕ್ಕೆ.”

ಅವನು ಕೈಯಲ್ಲಿದ್ದ ಕೀಲಿಕೈಯನ್ನು ಬೆಂಚಿನ ಮೇಲಿಟ್ಟ.

“ನೀನೂ ಅಲ್ಲೇ ಇರು.”

“ಗೇರ್ ಯಾರು ಹಿಡೀತಾರೆ, ನಿಮ್ಮ ತಾತನಾ?”

ಅವನು ಕೀಲಿಕೈ ತೆಗೆದುಕೊಂಡು ಎದ್ದ. ಅವಳೂ ಎದ್ದಳು. ಗಾಡಿ ಗೇಟು ದಾಟಿದಾಗ ಮುಂದಿನ ರಸ್ತೆ ಸಮತಟ್ಟಾಗಿಯೇ ಇತ್ತು. ಅವಳು ಆಗಲೇ ಎರಡೂ ಕೈಯಿಂದ ಗೇರ್ ಹಿಡಿದಿದ್ದಳು.