ಮೂರು ಮ್ಯಾಚ್ ಬಾಕಿ ಇದ್ದಾಗ

ಇಲ್ಲ ಅಂದ್ರೆ ಇಲ್ಲ, ಕ್ಯಾಪ್ಟನ್! ಎಷ್ಟು ಸಲ ಹೇಳ್ಲಿ? ಆ ಕಾರ್ಡು ವಾಪಸ್ ಜೇಬಿಗೆ ಇಟ್ಕೋ. ಇರು, ತಾ ಇಲ್ಲಿ, ನಾನೇ ಓದ್ತೀನಿ. "ನಮ್ಮ ತಂಡ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದು ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮ. ವಿಶೇಷ ಆಹ್ವಾನಿತರು, ಮಾಜಿ ಕೋಚ್…" ಆಹಾಹಾ! ವಿಶೇಷ ಆಹ್ವಾನಿತ! ಮಗಳ ಮದುವೆಗೆ ಅಪ್ಪನನ್ನೇ "ಊಟಕ್ಕೆ ಬನ್ನಿ" ಅಂತ ಕರೆದ ಹಾಗಾಯ್ತು. ಯಾಕೆ ನಗ್ತೀಯಾ? ನಗು, ನಗು. ನಿನಗೇನು, ಕಪ್ ಎತ್ತಿದವನು ನೀನು.

ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಹಾಂ, ಇದು. ನಾನು ಏಳಲ್ಲ, ನೋಡ್ತಿದ್ದೀಯಲ್ಲ, ಕಾಲು ಟಬ್ಬಲ್ಲಿದೆ. ಬಿಸಿನೀರು, ಉಪ್ಪು… ಮಂಡಿ ಸವೆದಿದೆಯಂತೆ. ಸವೆಯದೆ ಇನ್ನೇನಾಗುತ್ತೆ? ನಿಮ್ಮಂಥ ಕತ್ತೆಗಳ ಹಿಂದೆ ಓಡಿದ ಮಂಡಿ!

ಸೀಸನ್ ಶುರುವಾದಾಗ ಏನಿದ್ರಿ ನೀವು, ಹೇಳು? ಪೇಪರಿನವರು ನಮ್ಮ ಹೆಸರು ಪಟ್ಟಿಯ ಕೊನೇಲಿ ಹಾಕೋರು. ಗೋಲ್‌ಕೀಪರ್ ಮಹಾರಾಯ ಚೆಂಡು ಬಂದ್ರೆ ಕಣ್ಣು ಮುಚ್ಕೊಳ್ಳೋನು. ನೀನು ಎಡಗಾಲಲ್ಲಿ ಒದ್ರೆ ಚೆಂಡು ಗ್ಯಾಲರಿಗೆ! ತಿದ್ದಿದ್ದು ಯಾರು? ಮೊದಲನೇ ಸ್ಥಾನಕ್ಕೆ ತಂದು ಕೂರಿಸಿದ್ದು ಯಾರು? ಮೂರು ಮ್ಯಾಚ್… ಮೂರೇ ಮೂರು ಮ್ಯಾಚ್ ಬಾಕಿ ಇತ್ತು ಕಣೋ! ಕ್ಲಬ್ ಯಜಮಾನರು ಆಫೀಸಿಗೆ ಕರೆಸಿದ್ರು. ಕೂತ್ಕೋ ಅಂತ ಕೂಡ ಅನ್ನಲಿಲ್ಲ. ಅವರ ಅಳಿಯನನ್ನ ನಾನು ಆಡಿಸಲಿಲ್ಲವಂತೆ! ಅರ್ಧ ಮೈದಾನ ಓಡಿದ್ರೆ ಏದುಸಿರು ಬಿಡೋ ಅಳಿಯ! "ನಿಮಗೆ ವಿಶ್ರಾಂತಿ ಬೇಕು" ಅಂದ್ರು. ಹೊರಗೆ ಬಂದ್ರೆ ಬಾಗಿಲ ಹತ್ರಾನೇ ನನ್ನ ಸಹಾಯಕ. ನಾನು ಕೈ ಹಿಡಿದು ಕರ್ಕೊಂಡು ಬಂದವನು. ಕೋಚ್‌ನ ಹೊಸ ಜಾಕೆಟ್ ಹಾಕ್ಕೊಂಡು ನಿಂತಿದ್ದ. ಅಳತೆ ಕೊಟ್ಟು ಹೊಲಿಸಿದ ಜಾಕೆಟ್ಟು! ಅಂದ್ರೆ ಎಷ್ಟು ದಿನದಿಂದ ಗೊತ್ತಿತ್ತು ಅವನಿಗೆ?

ನಿಮ್ಮಲ್ಲಿ ಒಬ್ಬನಾದ್ರೂ ಬಾಯಿ ಬಿಟ್ನಾ? ತಲೆ ತಗ್ಗಿಸಬೇಡ. ನಿಮ್ಮ ಹೊಟ್ಟೆಪಾಡು ನಿಮಗೆ, ಗೊತ್ತು ನನಗೆ. ಅದಕ್ಕೆ ಬೈತಿಲ್ಲ… ಬೈತಿದ್ದೀನಿ, ಹೌದು, ಬೈಸ್ಕೋ.

ಅವತ್ತೇ ಫುಟ್‌ಬಾಲ್ ನನ್ನ ಪಾಲಿಗೆ ಸತ್ತುಹೋಯ್ತು. ಕೊನೇ ಮ್ಯಾಚಾ? ನಾನ್ಯಾಕೆ ನೋಡ್ಲಿ! ಇಲ್ಲೇ ಇದ್ದೆ, ತಂಗಿ ಮನೇಲಿ. ಮೇಲೆ ಹತ್ತಿ ನೀರಿನ ಟ್ಯಾಂಕ್ ತೊಳೀತಿದ್ದೆ. ರೇಡಿಯೋ ಕೂಡ ಹಾಕಲಿಲ್ಲ. ಬೇಕಾದ್ರೆ ತಂಗಿನ ಕೇಳು… ಬೇಡ ಬೇಡ, ಕರೀಬೇಡ ಅವಳನ್ನ, ಒಳಗೆ ಏನೋ ಕೆಲಸದಲ್ಲಿದ್ದಾಳೆ. ಟೀವಿಯವರೂ ಅವತ್ತು ಬರಲಿಲ್ಲವಲ್ಲ. ನಮ್ಮಂಥ ತಂಡಕ್ಕೆ ಯಾರು ಕ್ಯಾಮೆರಾ ಹೊತ್ಕೊಂಡು ಬರ್ತಾರೆ? ಗೆದ್ರಿ ಅಂತ ಗೊತ್ತಾಗಿದ್ದು ಮಾರನೇ ದಿನ, ಪೇಪರಲ್ಲಿ. ಸಂತೋಷಾನಾ? ಯಾವ ಸಂತೋಷ! ಓದಿ ಕಪಾಟಿಗೆ ಹಾಸಿದೆ.

ಅದರಲ್ಲಿ ಬರೆದಿದ್ದಾದ್ರೂ ಏನು? "ಡ್ರಾ ಸಾಕಿದ್ದ ಪಂದ್ಯ. ಕೊನೇ ನಿಮಿಷದ ಕಾರ್ನರ್. ಗೋಲ್ ಗೆರೆ ಮೇಲೆ ಬಂಡೆಯಂತೆ ನಿಂತಿದ್ದ ಕ್ಯಾಪ್ಟನ್ ತಲೆಯಿಂದ ಚೆಂಡು ತಡೆದು ಕಪ್ ಉಳಿಸಿದ." ನಿಂತಿದ್ದ! ಎಲ್ಲಿ ನಿಂತಿದ್ದೆಯಪ್ಪಾ ನೀನು? ಕಂಬ ಬಿಟ್ಟು ಓಡಿಬಿಟ್ಟಿದ್ದೆ! ಬಾಯಿ ಬಡ್ಕೊಂಡಿದ್ದೆ ನಿನಗೆ, ಕಾರ್ನರ್ ಅಂದ್ರೆ ಗೋಲ್ ಕಂಬಕ್ಕೆ ಅಂಟ್ಕೊಂಡು ನಿಲ್ಲು, ಚೆಂಡು ದೂರ ಹೋಗೋ ತನಕ ಅಲ್ಲಾಡಬೇಡ ಅಂತ. ಕೇಳಿದ್ಯಾ? ಗೋಲ್‌ಕೀಪರ್ ಚೆಂಡನ್ನ ಒಂದ್ಸಲ ಗುದ್ದಿದ್ದೇ ತಡ, ನಮ್ಮ ಕ್ಯಾಪ್ಟನ್ ದೊರೆ ಕೈ ಎತ್ಕೊಂಡು "ಆಫ್‌ಸೈಡ್, ಆಫ್‌ಸೈಡ್" ಅಂತ ಮುಂದಕ್ಕೆ ಓಡಿದ! ಹಿಂದೆ ಬಾಗಿಲು ತೆರೆದಿಟ್ಟ ಹಾಗೆ ಖಾಲಿ. ಎದುರು ತಂಡದ ಆ ಉದ್ದಕೂದಲಿನವನು ಕಾಲು ಎತ್ತಾಗಿದೆ. ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಒಂದು ಶಿಳ್ಳೆ ಹೊಡೆದೆ ನೋಡು, ಪ್ರಾಕ್ಟೀಸಲ್ಲಿ "ವಾಪಸ್ ಕಂಬಕ್ಕೆ" ಅಂತ ಹೊಡೀತಿದ್ನಲ್ಲ, ಅದೇ…

ಏನು?

ಯಾಕೆ ಹಾಗೆ ನೋಡ್ತೀಯಾ?

ಪೇಪರಲ್ಲಿ ಇತ್ತು ಅಂದ್ನಲ್ಲ. ಆ ಪೇಪರಲ್ಲ, ಬೇರೆ ಪೇಪರು. ಯಾರೋ ಹೇಳಿದ್ರು… ಉದ್ದಕೂದಲಿನವನ ವಿಷಯ… ನೀರು ತಣ್ಣಗಾಯ್ತು. ಆ ಟವೆಲ್ ಕೊಡು. ಕೊಡೋ!

ಸರಿ. ಹೌದು. ಹೋಗಿದ್ದೆ. ಸಾಲಲ್ಲಿ ನಿಂತು ಟಿಕೆಟ್ ತಗೊಂಡು, ಟೋಪಿ ಕಣ್ಣಿನ ತನಕ ಎಳ್ಕೊಂಡು, ಅವರ ಕಡೆ ಜನದ ಮಧ್ಯೆ ಕೂತಿದ್ದೆ. ಅಲ್ಲಾದ್ರೆ ಯಾರೂ ಗುರುತು ಹಿಡಿಯಲ್ಲ ಅಂತ. ನೀನು ತಲೆ ಕೊಟ್ಟು ಚೆಂಡು ತಳ್ಳಿದಾಗ ಹುಚ್ಚನ ಹಾಗೆ ಕುಣಿದೆ, ಪಕ್ಕದವನು ಬಂದು ಕಾಲರ್ ಹಿಡಿದ. ಸಾಕಾ? ಮಾನ ಹೋಯ್ತಾ ನಂದು? ಈಗ ನಗು.

ನಗ್ತಿಲ್ಲ ನೀನು… ಕಣ್ಣು ಯಾಕೆ ಒರೆಸ್ಕೊಳ್ತೀಯಾ?

ಇರು. ಇರು, ಇರು. ನಿನಗೆ ಆಶ್ಚರ್ಯಾನೇ ಆಗಲಿಲ್ಲವಲ್ಲೋ… ನೀನು ತಟಕ್ಕನೆ ತಿರುಗಿ ಕಂಬಕ್ಕೆ ವಾಪಸ್ ಓಡಿದ್ದು… ಆ ಗದ್ದಲದಲ್ಲಿ ನನ್ನ ಶಿಳ್ಳೆ ಎಲ್ಲಿ ಕೇಳ್ಸುತ್ತೆ, ಹುಡುಗನಿಗೆ ತಾನಾಗೇ ಹೊಳೀತು ಅಂತ ಅಂದ್ಕೊಂಡಿದ್ದೆ ಇಷ್ಟು ವರ್ಷ. ಕೇಳಿಸಿತ್ತಾ ನಿನಗೆ? ಹೇಳೋ. ಕೇಳಿಸಿತ್ತಾ?

ತಲೆ ಆಡಿಸ್ತಿದ್ದೀಯಾ… ಕೇಳಿಸಿತ್ತು.

ಹಾಗಾದ್ರೆ ಅವತ್ತು ನೀನು ಕಪ್ ಎತ್ತುವಾಗ ನಾನು ಅಲ್ಲೇ ಎಲ್ಲೋ ಇದ್ದೀನಿ ಅಂತ ಗೊತ್ತಿತ್ತು ನಿನಗೆ. ನನ್ನ ಸಹಾಯಕನನ್ನ ಹೆಗಲ ಮೇಲೆ ಹೊತ್ಕೊಂಡು ಮೈದಾನ ಸುತ್ತಿದ್ರಲ್ಲ, ಆಗಲೂ ಗೊತ್ತಿತ್ತು. ಗೇಟಿನ ಹೊರಗೆ ಬಸ್ಸಿಗೆ ಕಾಯ್ತಾ ಆ ಚಪ್ಪಾಳೆ ಕೇಳಿಸ್ಕೊಂಡೆ ನಾನು. ಆಮೇಲೆ ಬಸ್ಸಲ್ಲಿ ನಿಂತ್ಕೊಂಡೇ ಮನೆಗೆ ಬಂದೆ. ನೀನು ಯಾರಿಗೂ ಹೇಳಲಿಲ್ಲ. ಬಿಡು, ಊರಿಗೆಲ್ಲ ಹೇಳೋದು ಬೇಡ, ನನಗಾದ್ರೂ… ಒಂದೇ ಒಂದು ಸಲ ಬಂದು "ಸರ್, ಕೇಳಿಸ್ತು" ಅಂದಿದ್ರೆ ಸಾಕಿತ್ತಲ್ಲೋ.